12 ಪಾಟ್ ತಂದ್ರೂ ಖುಷಿ ಯಾಕೆ ಬರ್ಲಿಲ್ಲ?

ಪ್ರಶ್ನೆ: ನಂಗೆ 42 ವರ್ಷ. ದೊಡ್ಡ ಕಷ್ಟ ಅಂತ ಏನೂ ಇಲ್ಲ, ಆದ್ರೆ ದಿನ ಸುಮ್ನೆ ಹೋಗ್ತಾ ಇದೆ, ಖುಷಿ ಅನ್ನೋದೇ ಇಲ್ಲ. ಸಣ್ಣ ಸಣ್ಣ ವಿಷಯದಲ್ಲಿ ಖುಷಿ ಹುಡುಕಿ ಅಂತಾರಲ್ಲ ಎಲ್ರೂ, ಸರಿ ಅಂತ ಬಾಲ್ಕನಿಗೆ ಒಂದೇ ಸಲ 12 ಪಾಟ್ ತಂದೆ, ಡ್ರಾಯಿಂಗ್ ಬುಕ್ಕು ವಾಟರ್ ಕಲರ್ ತಂದೆ, ಸೀಸನ್ ತರಕಾರೀದೇ ಅಡುಗೆ ಅಂತ ಚಾರ್ಟ್ ಅಂಟಿಸ್ದೆ, ಭಾನುವಾರ ಫ್ಯಾಮಿಲಿ ಟೈಮ್ ಅಂತ ರೂಲ್ ಮಾಡ್ದೆ. ಎರಡೂವರೆ ತಿಂಗಳಾಯ್ತು. 8 ಗಿಡ ಹೋದ್ವು, ಗುಲಾಬಿ ಬರೀ ಕಡ್ಡಿ ಆಗಿ ನಿಂತಿದೆ, ಉಳಿದಿರೋದು ಟೊಮ್ಯಾಟೊ, ಪುದೀನ, ಅಲೋವೆರಾ. ಬುಕ್ಕಲ್ಲಿ 3 ಪೇಜ್ ಆಗಿದೆ. 13 ವರ್ಷದ ಮಗಳು ಭಾನುವಾರ ಬಂದ್ರೆ ಮುಖ ಊದಿಸ್ಕೊಂಡು ಫೋನ್ ಹಿಡ್ಕೊಂಡು ಕೂರ್ತಾಳೆ, ನಮ್ಮನೆಯವ್ರು ಎಲ್ಲಕ್ಕೂ ಹೂಂ ಅಂತಾರೆ. ಪುದೀನ ಚಿಗುರಿದ ದಿನ ಮಾತ್ರ ಸ್ವಲ್ಪ ಖುಷಿ ಆಗಿತ್ತು. ನಂಗೇ ಏನಾದ್ರೂ ಪ್ರಾಬ್ಲಮ್ ಇದ್ಯಾ? ಆ ಗುಲಾಬಿ ಕಡ್ಡಿ ಬಿಸಾಕ್ಲಾ?

ಉತ್ತರ:

ನಿಮ್ಮ ಪ್ರಶ್ನೆ ಓದಿ ನಂಗೆ ಮೊದಲು ನಗು ಬಂತು, ಬೇಜಾರ್ ಮಾಡ್ಕೋಬೇಡಿ, ಯಾಕಂದ್ರೆ ಆ 12 ಪಾಟ್ ಕಥೆ ನಂದೂ ಹೌದು. ಆಪ್ತ ಸಮಾಲೋಚನೆ ಕೆಲಸಕ್ಕೆ ಸೇರಿ 20 ವರ್ಷದ ಮೇಲಾಯ್ತು, ಮೊದಮೊದಲು ಬಂದವರಿಗೆಲ್ಲ ಗಿಡ ಬೆಳೆಸಿ ಗಿಡ ಬೆಳೆಸಿ ಅಂತ ಹೇಳ್ತಾ ಇದ್ದ ನಾನೇ ಒಂದಿನ 15 ಪಾಟ್ ತಂದು, ಬೇಗ ಬೆಳೀಲಿ ಅಂತ ಅಂಗೈಯಗಲದ ಪಾಟಿಗೆಲ್ಲ ಒಂದೊಂದು ಚಮಚ ಯೂರಿಯಾ ಹಾಕಿ, ಒಂದು ವಾರದಲ್ಲಿ ಎಲ್ಲಾ ಎಲೆ ಅಂಚಿನಿಂದ ಸುಟ್ಟಂಗಾಗಿ ಉದುರಿದ್ದನ್ನ ನೋಡಿದೀನಿ. ಗೊಬ್ಬರದ ಉಪ್ಪು ಮಣ್ಣಲ್ಲಿ ಜಾಸ್ತಿ ಆದ್ರೆ ಬೇರಿಗೆ ನೀರು ಎಳ್ಕೊಳ್ಳೋಕೇ ಆಗಲ್ಲ, ಉಲ್ಟಾ ಬೇರಿನ ನೀರೇ ಹೊರಗೆ ಹೋಗುತ್ತೆ. ಅತಿಯಾದ್ರೆ ಅಮೃತವೂ ವಿಷ ಅನ್ನೋದನ್ನ ಬಾಯಲ್ಲಿ ಹೇಳ್ಕೊಂಡು ಓಡಾಡ್ತಿದ್ದವಳು ನಾನು, ಪಾಟಿನ ಮುಂದೆ ನಿಂತಾಗ ಮಾತ್ರ ನೆನಪಾಗ್ಲಿಲ್ಲ.

ಮುಂದೆ ಹೋಗೋಕೆ ಮುಂಚೆ ಒಂದು ಸೀರಿಯಸ್ ಮಾತು ಮುಗಿಸ್ಬಿಡ್ತೀನಿ. ಎರಡು ವಾರಕ್ಕಿಂತ ಜಾಸ್ತಿ, ಹೆಚ್ಚೂಕಮ್ಮಿ ದಿನಾ, ದಿನದ ಬಹುಪಾಲು ಹೊತ್ತು ಯಾವುದ್ರಲ್ಲೂ ಆಸಕ್ತಿ ಇಲ್ಲ, ಮೊದಲು ಇಷ್ಟ ಆಗ್ತಿದ್ದ ಊಟ ಹಾಡು ಜನ ಯಾವುದೂ ಬೇಡ, ನಿದ್ದೆ ಹಸಿವು ಎರಡೂ ಏರುಪೇರು, ಬದುಕಿ ಏನು ಅನ್ನೋ ಯೋಚನೆ ಬರುತ್ತೆ ಅಂದ್ರೆ ಅದು ಡಿಪ್ರೆಶನ್ ಇರಬಹುದು, ಅಲ್ಲಿ ಪಾಟು ಪೇಂಟು ಅಂತ ಕೂರಬಾರದು, ಡಾಕ್ಟರ್ ಹತ್ರ ಹೋಗ್ಬೇಕು. ಥೈರಾಯ್ಡ್ ಕಮ್ಮಿ ಆದ್ರೂ ರಕ್ತಹೀನತೆ ಇದ್ರೂ ಇದೇ ಥರ ಸುಸ್ತು, ನಿರಾಸಕ್ತಿ ಬರುತ್ತೆ, ಒಂದು ರಕ್ತ ಪರೀಕ್ಷೆ ಮಾಡಿಸ್ಕೊಂಡ್ರೆ ನಷ್ಟ ಇಲ್ಲ. ಆದ್ರೆ ನೀವು ಬರೆದಿದ್ರಲ್ಲಿ ಒಂದು ಸಾಲು ಇದೆ, ಪುದೀನ ಚಿಗುರಿದ ದಿನ ಖುಷಿ ಆಯ್ತು ಅಂತ. ನಂಗೆ ಆ ಸಾಲು ಸಾಕು. ಖುಷಿ ಪಡೋ ಜಾಗ ನಿಮ್ಮಲ್ಲಿ ಸರಿಯಾಗೇ ಇದೆ, ಅದಕ್ಕೆ ಪುರುಸೊತ್ತು ಕೊಟ್ಟಿಲ್ಲ ನೀವು. ನಾಲ್ಕು ಹೊಸ ಕೆಲಸ ತಂದು ತಲೆ ಮೇಲೆ ಹೊತ್ಕೊಂಡು, ಪ್ರತಿಯೊಂದಕ್ಕೂ ಟೈಮ್ ಟೇಬಲ್ ಹಾಕಿ, ಆಮೇಲೆ ಖುಷಿ ಎಲ್ಲಿ ಅಂತ ಕೇಳಿದ್ರೆ ಅದು ಎಲ್ಲಿಂದ ಬರ್ಬೇಕು ಹೇಳಿ.

ಗಿಡದಿಂದಲೇ ಶುರು ಮಾಡೋಣ, ಇದೇ ನಂಗೆ ಜಾಸ್ತಿ ಇಷ್ಟದ ವಿಷಯ, ಉದ್ದ ಆದ್ರೆ ಸಹಿಸ್ಕೊಳ್ಳಿ. ಆ 8 ಗಿಡ ಯಾಕೆ ಹೋದ್ವು ಅಂತ ನೀವು ಬರೆದಿಲ್ಲ, ಆದ್ರೆ ಚಾರ್ಟ್ ಅಂಟಿಸೋರ ಮನೇಲಿ ಸಾಮಾನ್ಯವಾಗಿ ಆಗೋದು ಒಂದೇ, ದಿನಾ ಬೆಳಿಗ್ಗೆ 7 ಗಂಟೆಗೆ ಪಾಟಿಗೊಂದು ಮಗ್ ನೀರು. ನಿಮ್ಮ ಅಲೋವೆರಾ ಉಳ್ಕೊಂಡಿದೆ ಅಂದ್ರೆ ಅದಕ್ಕೆ ನೀವು ನೀರು ಹಾಕೋದು ಮರೆತಿರ್ತೀರ, ಅಲ್ವಾ? ಬೇರಿಗೆ ನೀರಿನಷ್ಟೇ ಗಾಳಿನೂ ಬೇಕು. ಮಣ್ಣಿನ ಕಣಗಳ ಮಧ್ಯೆ ಸಣ್ಣ ಸಣ್ಣ ಖಾಲಿ ಜಾಗ ಇರುತ್ತೆ, ಯಾವಾಗ್ಲೂ ಅಲ್ಲಿ ನೀರೇ ತುಂಬಿದ್ರೆ ಬೇರಿಗೆ ಆಮ್ಲಜನಕ ಸಿಗದೆ ಕೊಳೆಯೋಕೆ ಶುರುವಾಗುತ್ತೆ, ಕೊಳೆತ ಬೇರು ನೀರು ಎಳೆಯಲ್ಲ, ಎಲೆ ಬಾಡುತ್ತೆ, ನಾವು ಅಯ್ಯೋ ಪಾಪ ಬಾಯಾರಿಕೆ ಅಂತ ಇನ್ನೊಂದು ಮಗ್ ಸುರೀತೀವಿ. ನೀರು ಜಾಸ್ತಿಯಾಗಿ ಸಾಯೋ ಗಿಡ ನೋಡೋಕೆ ನೀರಿಲ್ದೆ ಸಾಯೋ ಗಿಡದ ಥರಾನೇ ಇರುತ್ತೆ, ಅದೇ ತೊಂದ್ರೆ. ಗೊತ್ತಾಗೋಕೆ ಒಂದೇ ದಾರಿ, ಬೆರಳನ್ನ ಎರಡಿಂಚು ಮಣ್ಣೊಳಗೆ ಇಳಿಸಿ. ತಣ್ಣಗೆ ಅಂಟ್ತಾ ಇದ್ರೆ ಇವತ್ತು ಬೇಡ. ಒಣಗಿ ಪುಡಿಪುಡಿ ಅನ್ಸಿದ್ರೆ ಕೆಳಗಿನ ತೂತಿಂದ ನೀರು ಬರೋವರೆಗೆ ನಿಧಾನಕ್ಕೆ ಹಾಕಿ, ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಅಲೋವೆರಾಗೆ ಮಾತ್ರ ಮಣ್ಣು ಪೂರ್ತಿ ಒಣಗಲಿ.

ಈ ಬೆರಳು ಇಳಿಸೋ ಕೆಲಸ ಇದ್ಯಲ್ಲ, ಗಿಡಕ್ಕಿಂತ ನಿಮಗೇ ಅದರ ಲಾಭ ಜಾಸ್ತಿ. ಮಗ್ ನೀರು ಸುರಿಯುವಾಗ ತಲೆಯಲ್ಲಿ ತಿಂಡಿ ಏನು, ಆಫೀಸ್ ಮೇಲ್ ಏನು ಅಂತ ಓಡ್ತಾ ಇರುತ್ತೆ. ಮಣ್ಣು ತಣ್ಣಗಿದ್ಯಾ ಬಿಸಿ ಇದ್ಯಾ ಅಂತ ನೋಡ್ಬೇಕಾದ್ರೆ ಹಂಗೆ ಓಡೋಕೆ ಆಗಲ್ಲ, ಅರ್ಧ ನಿಮಿಷನಾದ್ರೂ ನೀವು ನಿಮ್ಮ ಬೆರಳ ತುದೀಲಿ ಇರ್ಬೇಕಾಗುತ್ತೆ. 2010ರಲ್ಲಿ ಹಾರ್ವರ್ಡ್‌ನ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಒಂದು ಫೋನ್ ಆ್ಯಪ್ ಮಾಡಿ 2250 ಜನರಿಗೆ ದಿನದಲ್ಲಿ ಯಾವ್ಯಾವಾಗ್ಲೋ ಮೆಸೇಜ್ ಕಳಿಸಿ, ಈಗ ಏನ್ ಮಾಡ್ತಿದೀರ, ಮನಸ್ಸು ಅದರಲ್ಲೇ ಇದ್ಯಾ, ಹೇಗನ್ಸ್ತಿದೆ ಅಂತ ಕೇಳ್ತಾ ಹೋದ್ರು. ಶೇಕಡ 46.9ರಷ್ಟು ಸಲ ಜನರ ಮನಸ್ಸು ಮಾಡ್ತಿರೋ ಕೆಲಸದಲ್ಲಿ ಇರ್ಲಿಲ್ಲ, ಹಾಗೆ ಅಲೆದಾಗ ಖುಷಿ ಕಮ್ಮಿ ಇತ್ತು. ಮಜಾ ಏನಂದ್ರೆ ಮನಸ್ಸು ಒಳ್ಳೇ ವಿಷಯದ ಕಡೆಗೇ ಅಲೆದ್ರೂ, ಕೈಯಲ್ಲಿರೋ ಕೆಲಸದಲ್ಲೇ ಇದ್ದಿದ್ದಕ್ಕಿಂತ ಖುಷಿ ಹೆಚ್ಚೇನೂ ಆಗಿರ್ಲಿಲ್ಲ. ನಿಮ್ಮ 12 ಪಾಟ್ ನಿಮ್ಮ ಮನಸ್ಸನ್ನ 12 ಕಡೆ ಓಡಿಸ್ತಾ ಇದ್ವು.

ಹಂಗಾಗಿ ಖಾಲಿಯಾಗಿರೋ 8 ಪಾಟಿಗೆ ಹೊಸ ಗಿಡ ತರ್ಬೇಡಿ. ಒಳಗಿಡಿ, ಯಾರಿಗಾದ್ರೂ ಕೊಡಿ. ಈಗ ನಿಮ್ಮ ಗಿಡ ಅಂದ್ರೆ ಆ ಟೊಮ್ಯಾಟೊ ಒಂದೇ. ಅದನ್ನ ದಿನಕ್ಕೆ ಆರೆಂಟು ಗಂಟೆ ಬಿಸಿಲು ಬೀಳೋ ಕಡೆ ಇಡಿ. ಬೆಳಿಗ್ಗೆ ಹೋಗಿ ಒಂದು ಎಲೆಯನ್ನ ಎರಡು ಬೆರಳ ಮಧ್ಯೆ ಸ್ವಲ್ಪ ಉಜ್ಜಿ ನೋಡಿ, ಆ ಖಾರ ಖಾರ ಹಸಿರು ವಾಸನೆ ಬರುತ್ತಲ್ಲ ಅದು ಎಲೆ, ಕಾಂಡದ ಮೇಲಿರೋ ಸಣ್ಣ ರೋಮಗಳಿಂದ ಬರೋದು, ಜಾಸ್ತಿ ಹೊತ್ತು ಗಿಡ ಮುಟ್ಟಿದ್ರೆ ಬೆರಳೆಲ್ಲ ಹಳದಿ ಹಸಿರಾಗಿ ಆಮೇಲೆ ಕಪ್ಪಗೆ ಅಂಟಂಟಾಗುತ್ತೆ, ಸೋಪು ಹಾಕಿ ತೊಳೆದಾಗ ನೀರು ಹಳದಿಯಾಗಿ ಇಳಿಯುತ್ತೆ. ಹೂ ಬಿಟ್ಟಾಗ ಇನ್ನೂ ಒಂದಿದೆ. ಟೊಮ್ಯಾಟೊ ಹೂವಲ್ಲಿ ಗಂಡು ಹೆಣ್ಣು ಎರಡೂ ಒಂದೇ ಹೂವಲ್ಲಿರುತ್ತೆ, ಪರಾಗ ಒಂದು ಹಳದಿ ಕೊಳವೆ ಥರದ ಭಾಗದೊಳಗೆ ಕೂತಿರುತ್ತೆ, ಅಲ್ಲಾಡಿಸಿದ್ರೆ ಉದುರುತ್ತೆ. ಬಯಲಲ್ಲಿ ಗಾಳಿ ಅಲ್ಲಾಡಿಸುತ್ತೆ, ಕೆಲವು ಜಾತಿ ದುಂಬಿ ಜೇನು ಹೂವಿಗೆ ನೇತಾಡ್ಕೊಂಡು ಗುಂಯ್ ಅಂತ ಮೈ ನಡುಗಿಸಿ ಉದುರಿಸುತ್ತೆ, ಮುಚ್ಚಿದ ಬಾಲ್ಕನೀಲಿ ಅದ್ಯಾವುದೂ ಬರದಿದ್ರೆ ಆ ಕೆಲಸ ನಿಮ್ದು. ಬಿಸಿಲೇರಿದ ಮೇಲೆ ಹೂಗೊಂಚಲಿನ ಹಿಂದೆ ಬೆರಳಿಂದ ಟಕ್ ಟಕ್ ಅಂತ ಮೆಲ್ಲಗೆ ತಟ್ಟಿ. ನಾಲ್ಕೈದು ದಿನ ಬಿಟ್ಟು ಒಣಗಿದ ಹೂವಿನ ಹಿಂದೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಹಸಿರು ಮಣಿ ಕಾಣ್ಸಿದ್ರೆ ನನ್ನ ನೆನೆಸ್ಕೊಳ್ಳಿ.

ಮಣ್ಣು ಮುಟ್ಟಿದ್ರೆ ನಿಜವಾಗ್ಲೂ ಮನಸ್ಸು ಹಗುರ ಆಗುತ್ತಾ ಅಂತ ಕೇಳೋರಿಗೆ ನಾನು ಹೇಳೋದು ನೆದರ್ಲ್ಯಾಂಡ್ಸ್‌ನಲ್ಲಿ 2011ರಲ್ಲಿ ಪ್ರಕಟವಾದ ಒಂದು ಪ್ರಯೋಗ. ತೋಟಗಾರಿಕೆ ಅಭ್ಯಾಸ ಇರೋ 30 ಜನರಿಗೆ ಮೊದಲು ತಲೆ ಬಿಸಿಯಾಗೋ ಒಂದು ಟೆಸ್ಟ್ ಕೊಟ್ಟು, ಆಮೇಲೆ ಅರ್ಧ ಜನರನ್ನ 30 ನಿಮಿಷ ತೋಟದ ಕೆಲಸಕ್ಕೆ ಬಿಟ್ರು, ಇನ್ನರ್ಧ ಜನ ಒಳಗೆ ಕೂತು ಓದಿದ್ರು. ಒತ್ತಡದ ಹಾರ್ಮೋನು ಕಾರ್ಟಿಸಾಲ್ ಎರಡೂ ಗುಂಪಲ್ಲಿ ಇಳೀತು, ತೋಟದವರಲ್ಲಿ ಜಾಸ್ತಿ ಇಳೀತು, ಕೆಟ್ಟಿದ್ದ ಮೂಡ್ ಪೂರ್ತಿ ವಾಪಸ್ ಬಂದಿದ್ದೂ ಅವರಿಗೇ. ಚಿಕ್ಕ ಪ್ರಯೋಗ, ಅದೂ ಮೊದಲೇ ಗಿಡ ಇಷ್ಟಪಡೋರ ಮೇಲೆ ಮಾಡಿದ್ದು, ಅದನ್ನೇ ಹಿಡ್ಕೊಂಡು ಎಲ್ಲಾ ಕಾಯಿಲೆಗೂ ತೋಟವೇ ಮದ್ದು ಅಂತ ನಾನು ಹೇಳಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ನಮ್ಮವರು ಬೇರೆ ಅರ್ಥದಲ್ಲಿ ಹೇಳಿದ್ದು, ಇಲ್ಲಿ ಅಕ್ಷರಶಃ ತಗೊಂಡ್ರೂ ನಡೆಯುತ್ತೆ, ಡಿಪ್ರೆಶನ್‌ಗೆ ಅದು ಮದ್ದಲ್ಲ. ಬೇಸರ ಕಟ್ಟಿದ ಸಂಜೆಗೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತೆ.

ಸೀಸನ್ ಊಟದ ಚಾರ್ಟ್ ಕಿತ್ತಾಕಿ. ಸೀಸನ್ ಊಟದ ರುಚಿ ಇರೋದೇ ಕಾಯೋದ್ರಲ್ಲಿ, ಅದನ್ನ ಚಾರ್ಟ್ ಹಾಕಿ ಸೋಮವಾರ ಇದು ಮಂಗಳವಾರ ಅದು ಅಂತ ಮಾಡಿದ್ರೆ ಹಾಸ್ಟೆಲ್ ಮೆನು ಆಗುತ್ತೆ. ವರ್ಷವಿಡೀ ಎಲ್ಲಾ ಸಿಗುತ್ತೆ ಈಗ, ಅದಕ್ಕೇ ಯಾವುದೂ ಬಂತು ಅಂತ ಗೊತ್ತಾಗಲ್ಲ, ಮುಗೀತು ಅಂತಾನೂ ಗೊತ್ತಾಗಲ್ಲ. 2013ರಲ್ಲಿ ಕ್ವಾಯ್ಡ್‌ಬಾಕ್ ಮತ್ತು ಡನ್ ಅನ್ನೋ ಇಬ್ಬರು ಸಂಶೋಧಕರು ಚಾಕಲೇಟ್ ಇಟ್ಕೊಂಡು ಒಂದು ಚೆಂದದ ಪ್ರಯೋಗ ಮಾಡಿದ್ರು. ಎಲ್ಲರೂ ಒಂದು ತುಂಡು ತಿಂದಾದ್ಮೇಲೆ ಒಂದು ಗುಂಪಿಗೆ ಇನ್ನೊಂದು ವಾರ ಚಾಕಲೇಟ್ ಮುಟ್ಟಬೇಡಿ ಅಂದ್ರು, ಇನ್ನೊಂದು ಗುಂಪಿಗೆ ರಾಶಿ ಕೊಟ್ಟು ಎಷ್ಟಾಗುತ್ತೋ ಅಷ್ಟು ತಿನ್ನಿ ಅಂದ್ರು, ಮೂರನೇ ಗುಂಪಿಗೆ ಏನೂ ಹೇಳ್ಲಿಲ್ಲ. ವಾರ ಬಿಟ್ಟು ಬಂದು ಮತ್ತೆ ಒಂದು ತುಂಡು ತಿಂದಾಗ ಅದನ್ನ ಚಪ್ಪರಿಸಿ ಸವಿದಿದ್ದು ಬಿಟ್ಟಿದ್ದವರು. ರಾಶಿ ಸಿಕ್ಕವರಲ್ಲ. ಸೀಸನ್ ಅನ್ನೋದು ಇದೇ ಪ್ರಯೋಗನ ನಮ್ಮನ್ನ ಕೇಳದೆ ಪ್ರತಿ ವರ್ಷ ಮಾಡ್ತಿತ್ತು, ಕೋಲ್ಡ್ ಸ್ಟೋರೇಜ್ ಬಂದು ನಿಲ್ಲಿಸ್ತು.

ಅದಕ್ಕೆ ನಿಮಗೆ ಹೇಳೋದು ಇಷ್ಟೇ, ನಿಮಗೆ ಜೀವ ಅನ್ನಿಸೋ ಒಂದೇ ಒಂದು ಹಣ್ಣೋ ತರಕಾರಿನೋ ಆರಿಸ್ಕೊಳ್ಳಿ, ಅದು ಅದರ ಕಾಲದಲ್ಲಿ ಮಾತ್ರ. ಅಕಾಲದಲ್ಲಿ ಸಿಕ್ಕಿದ್ರೂ ಬೇಡ, ಜ್ಯೂಸು ಪ್ಯಾಕೆಟ್ಟು ಐಸ್‌ಕ್ರೀಮು ಯಾವ ವೇಷದಲ್ಲಿ ಬಂದ್ರೂ ಬೇಡ. ಮಿಕ್ಕಿದ್ದೆಲ್ಲ ಹೇಗೆ ತಿಂತಿದ್ರೋ ಹಾಗೇ ತಿನ್ನಿ, ಎಲ್ಲದಕ್ಕೂ ನಿಯಮ ಹಾಕೋ ನಿಮ್ಮ ಅಭ್ಯಾಸ ನಂಗೆ ಈಗ ಗೊತ್ತಾಗಿದೆ. ಟೊಮ್ಯಾಟೊ ಹಣ್ಣಾದ್ರೆ ದಯವಿಟ್ಟು ಫ್ರಿಜ್ಜಿಗೆ ಇಡಬೇಡಿ, 5 ಡಿಗ್ರಿಯಲ್ಲಿ ಒಂದು ವಾರ ಇಟ್ಟ ಟೊಮ್ಯಾಟೊ ಮೇಲೆ 2016ರಲ್ಲಿ ಮಾಡಿದ ಅಧ್ಯಯನದಲ್ಲಿ ಸಕ್ಕರೆ ಹುಳಿ ಎರಡೂ ಹೆಚ್ಚುಕಮ್ಮಿ ಹಾಗೇ ಇದ್ವು, ಹೋಗಿದ್ದು ಪರಿಮಳ, ಚಳಿಗೆ ಪರಿಮಳ ಮಾಡೋ ಜೀನ್‌ಗಳ ಕೆಲಸ ಕುಗ್ಗಿಬಿಡುತ್ತೆ, ಆಮೇಲೆ ಹೊರಗಿಟ್ರೂ ಪೂರ್ತಿ ವಾಪಸ್ ಬರಲ್ಲ. ಬಟಾಣಿನೂ ಅಷ್ಟೇ, ಕಿತ್ತ ಕ್ಷಣದಿಂದ ಅದರೊಳಗಿನ ಸಕ್ಕರೆ ಕಮ್ಮಿಯಾಗಿ ಹಿಟ್ಟಾಗ್ತಾ ಹೋಗುತ್ತೆ, ಅದಕ್ಕೇ ಬಳ್ಳಿಯಿಂದ ಕಿತ್ತು ಅಲ್ಲೇ ನಿಂತು ತಿಂದಿದ್ದು ಅಷ್ಟು ಸಿಹಿ.

ನಮ್ಮನೇಲಿ ಮೊದಲನೇ ಟೊಮ್ಯಾಟೊ ಗೋಲಿಗಿಂತ ಸ್ವಲ್ಪ ದೊಡ್ಡದಿತ್ತು ಅಷ್ಟೇ. ನಾವು ನಾಲ್ಕು ಜನ. ನಮ್ಮ ಅತ್ತೆ ಅದನ್ನ ಈರುಳ್ಳಿ ಹೆಚ್ಚೋ ಚಾಕುವಲ್ಲಿ ನಾಲ್ಕು ಹೋಳು ಮಾಡಿ ಮೇಲೆ ಚಿಟಿಕೆ ಉಪ್ಪು ಉದುರಿಸಿ ತಟ್ಟೇಲಿಟ್ರು, ನನ್ನ ಮಗ ಬೀಜ ಜಾಸ್ತಿ ಇರೋ ಹೋಳು ನಂದು ಅಂತ ಜಗಳಕ್ಕೆ ಬಿದ್ದ. ನುಂಗೋಕೆ ಎರಡು ಸೆಕೆಂಡು, ಮಾತು ಅರ್ಧ ಗಂಟೆ.

ಆಮೇಲೆ ಮನೆಯವರ ವಿಷಯ. ಇಲ್ಲಿ ಸ್ವಲ್ಪ ಖಾರವಾಗಿ ಹೇಳ್ತೀನಿ. ಫ್ಯಾಮಿಲಿ ಟೈಮ್ ಅಂತ ರೂಲ್ ಮಾಡಿ 13 ವರ್ಷದ ಹುಡುಗೀನ ಎದುರು ಕೂರಿಸ್ಕೊಂಡು ಈಗ ಮಾತಾಡೋಣ ಅಂದ್ರೆ ಅವಳಿಗೆ ಅದು ಇಂಟರ್‌ವ್ಯೂ. ಆ ವಯಸ್ಸಿನವರು ಎದುರುಬದುರು ಕೂತು ಬಾಯಿ ಬಿಡೋದು ಕಮ್ಮಿ, ಪಕ್ಕಪಕ್ಕ ಕೂತು ಕೈಯಲ್ಲಿ ಏನೋ ಕೆಲಸ ಇದ್ದಾಗ ತಾವಾಗೇ ಶುರು ಮಾಡ್ತಾರೆ, ನನ್ನ ಹತ್ರ ಬರೋ ಎಷ್ಟೋ ಮಕ್ಕಳು ಕುರ್ಚೀಲಿ ಕೂತಾಗ ಮೂಕರು, ಸೊಪ್ಪು ಬಿಡಿಸೋಕೆ ಕೊಟ್ರೆ ಹತ್ತು ನಿಮಿಷಕ್ಕೆ ಸ್ಕೂಲಿನ ಕಥೆಯೆಲ್ಲ ಹೊರಗೆ. ಭಾನುವಾರದ ರೂಲ್ ತೆಗೀರಿ. ಒಂದು ಬುಟ್ಟಿ ಬಟಾಣಿ ತಂದು ನೀವು ಬಿಡಿಸ್ತಾ ಕೂತ್ಕೊಳ್ಳಿ, ಕರೀಬೇಡಿ, ಜಾಗ ಮಾತ್ರ ಬಿಟ್ಟಿರಿ.

ಇನ್ನೊಂದು ಕೇಳ್ತೀನಿ. ಮಗಳು ಫೋನಲ್ಲಿ ಏನೋ ನೋಡಿ ನಕ್ಕು, ಅಮ್ಮಾ ಇದ್ನ ನೋಡು ಅಂತ ಬಂದಾಗ ಕಳೆದ ಸಲ ನೀವು ಏನಂದ್ರಿ? ಯಾವಾಗ್ ನೋಡಿದ್ರೂ ಫೋನು ಅಂದ್ರಾ? ಅಥವಾ ನಿಮ್ಮನೆಯವ್ರ ಥರ ಹೂಂ ಅಂದ್ರಾ? ಶೆಲ್ಲಿ ಗೇಬಲ್ ಅನ್ನೋ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಕೆಲಸ ಇದರ ಮೇಲೇ. ನಮ್ಮವರು ಒಂದು ಒಳ್ಳೇ ಸುದ್ದಿ ತಂದಾಗ ನಾವು ನಾಲ್ಕು ಥರದಲ್ಲಿ ಪ್ರತಿಕ್ರಿಯೆ ಕೊಡ್ತೀವಂತೆ, ಉತ್ಸಾಹದಿಂದ ಕೇಳಿ ಇನ್ನಷ್ಟು ಹೇಳಿಸೋದು, ಸುಮ್ನೆ ಒಳ್ಳೇದು ಅನ್ನೋದು, ಅದರಲ್ಲಿ ಹುಳುಕು ಹುಡುಕೋದು, ಮಾತೇ ಬದಲಾಯಿಸೋದು. ಸಂಬಂಧ ಚೆನ್ನಾಗಿರೋದು ಮೊದಲನೇ ಥರದ ಜೊತೆ ಮಾತ್ರ ಹೊಂದಿಕೆ ಆಗ್ತಿತ್ತು, ಸುಮ್ನೆ ಒಳ್ಳೇದು ಅನ್ನೋದೂ ಸಾಕಾಗ್ಲಿಲ್ಲ. ಕಷ್ಟದಲ್ಲಿ ಹೆಗಲು ಕೊಡೋದು ನಮಗೆಲ್ಲ ಗೊತ್ತು, ಖುಷಿಗೆ ಕಿವಿ ಕೊಡೋದು ಮರೆತುಹೋಗಿದೆ. ಅವಳ ಆ ಹಾಳು ವೀಡಿಯೋನ ಒಂದು ಸಲ ಪೂರ್ತಿ ನೋಡಿ, ಯಾರಿದು, ಯಾಕೆ ಹಿಂಗ್ ಮಾಡ್ತಾನೆ ಅಂತ ಕೇಳಿ. ನಿಮ್ಮ ಟೊಮ್ಯಾಟೊ ನೋಡೋಕೆ ಅವಳು ಬರ್ಬೇಕಾದ್ರೆ ಅವಳ ಟೊಮ್ಯಾಟೊ ನೀವು ನೋಡ್ಬೇಕು. ಯಜಮಾನರ ಬಗ್ಗೆ ಜಾಸ್ತಿ ಹೇಳಲ್ಲ, ಹೂಂ ಅನ್ನೋರಿಗೂ ಒಂದು ಕೆಲಸ ಒಪ್ಪಿಸಿ ನೋಡಿ, ಬೆರಳಿಟ್ಟು ಇವತ್ತು ನೀರು ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋದು ವಾರಕ್ಕೆರಡು ದಿನ ಅವರದ್ದು, ತಪ್ಪು ಮಾಡಿದ್ರೂ ನೀವು ಬಾಯಿ ಹಾಕ್ಬೇಡಿ.

ಡ್ರಾಯಿಂಗ್ ಬುಕ್ಕಲ್ಲಿ 3 ಪೇಜಿಗೆ ನಿಂತಿದ್ದಕ್ಕೆ ಕಾರಣ ನಾನು ಊಹೆ ಮಾಡ್ಲಾ? ಬರೆದಿದ್ದು ಚೆನ್ನಾಗಿ ಬರ್ಲಿಲ್ಲ, ಅಷ್ಟೇ ತಾನೆ. 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 39 ಜನರಿಗೆ 45 ನಿಮಿಷ ಜೇಡಿಮಣ್ಣು, ಸ್ಕೆಚ್ ಪೆನ್ನು, ಅಂಟಿಸೋ ಕಾಗದ ಕೊಟ್ಟು ಏನ್ ಬೇಕಾದ್ರೂ ಮಾಡಿ ಅಂತ ಬಿಟ್ಟಾಗ, ಸುಮಾರು ಮುಕ್ಕಾಲು ಪಾಲು ಜನರಲ್ಲಿ ಕಾರ್ಟಿಸಾಲ್ ಇಳಿದಿತ್ತು, ಮೊದಲೇ ಚಿತ್ರ ಬರೆದು ಅಭ್ಯಾಸ ಇದ್ದವರು ಇಲ್ಲದವರು ಅಂತ ಹೇಳಿಕೊಳ್ಳೋ ವ್ಯತ್ಯಾಸ ಬರ್ಲಿಲ್ಲ. ಅಂದ್ರೆ ಕೈಗೆ ಚಿತ್ರ ಚೆನ್ನಾಗಿದ್ಯಾ ಇಲ್ವಾ ಅನ್ನೋದು ಬೇಕಾಗೇ ಇಲ್ಲ. ವಾಟರ್ ಕಲರ್ ಪಕ್ಕಕ್ಕಿಡಿ, ಅದು ಕಲಿಯೋಕೆ ಕಷ್ಟದ ಮಾಧ್ಯಮ, ಶುರು ಮಾಡೋರಿಗೆ ಯಾರು ಅದನ್ನ ಕೊಡಿಸ್ತಾರೋ ನಂಗೆ ಅರ್ಥವಾಗಿಲ್ಲ. ಒಂದು ಬಾಲ್ ಪೆನ್ ತಗೊಂಡು ಟೊಮ್ಯಾಟೊ ಎಲೆ ಮುಂದೆ ಕೂತ್ಕೊಳ್ಳಿ. ಕಣ್ಣು ಎಲೆ ಮೇಲೆ, ಪೆನ್ನು ಕಾಗದದ ಮೇಲೆ, 5 ನಿಮಿಷ ಕಾಗದ ನೋಡಂಗಿಲ್ಲ, ಪೆನ್ನು ಎತ್ತಂಗಿಲ್ಲ. ಒಂದು ಇರುವೆ ಎಲೆ ಅಂಚಲ್ಲೇ ನಡೀತಿದೆ ಅಂದ್ಕೊಳ್ಳಿ, ಅದು ಎಷ್ಟು ನಿಧಾನ ಹೋಗುತ್ತೋ ನಿಮ್ಮ ಕಣ್ಣೂ ಕೈಯೂ ಅಷ್ಟೇ ನಿಧಾನ. ಮೊದಲನೇ ನಿಮಿಷ ಹಿಂಸೆ. ಮೂರನೇ ನಿಮಿಷಕ್ಕೆ ನಿಮಗೆ ಕಾಣುತ್ತೆ, ಇಷ್ಟು ದಿನ ಒಂದು ಎಲೆ ಅಂದ್ಕೊಂಡಿದ್ದು ಒಂದೇ ಕಡ್ಡಿಗೆ ಕೂತ ಐದೋ ಏಳೋ ಕಿರುಎಲೆ, ದೊಡ್ಡದರ ಮಧ್ಯೆ ಬಟಾಣಿಯಷ್ಟು ಪುಟಾಣಿ ಇನ್ನೊಂದಷ್ಟು, ಒಂದರ ಅಂಚು ಇನ್ನೊಂದರ ಥರ ಇಲ್ಲ. ಮುಗಿದ ಮೇಲೆ ಕಾಗದ ನೋಡಿದ್ರೆ ಜೇಡ ಕುಡಿದು ಓಡಾಡಿದಂಗಿರುತ್ತೆ, ಮನೆಮಂದಿಯೆಲ್ಲ ಬಿದ್ದು ಬಿದ್ದು ನಗ್ತೀರ, ಮಗಳು ನಂಗೂ ಕೊಡು ಅಂತಾಳೆ. ಬರೆದ ಮೇಲೆ ಸ್ಟೇಟಸ್‌ಗೆ ಹಾಕ್ಬೇಡಿ ಮಾತ್ರ, ಹಾಕಿದ ತಕ್ಷಣ ಎಷ್ಟು ಜನ ನೋಡಿದ್ರು ಅನ್ನೋದೇ ಕೆಲಸ ಆಗುತ್ತೆ.

ಬರೆಯೋಕೆ ಮನಸ್ಸಿಲ್ಲದ ದಿನ ನೋಡಿದ್ರೂ ಸಾಕು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದು ಶ್ರೇಷ್ಠ ಕಲಾಕೃತಿ ಮುಂದೆ ಎಷ್ಟು ಹೊತ್ತು ನಿಲ್ತಾರೆ ಅಂತ ಅಳೆದು 2001ರಲ್ಲಿ ಪ್ರಕಟಿಸಿದ್ರು, ಸರಾಸರಿ 27.2 ಸೆಕೆಂಡು. ಅಷ್ಟು ದೂರ ಹೋಗಿ, ಟಿಕೆಟ್ ತಗೊಂಡು, ಅರ್ಧ ನಿಮಿಷಾನೂ ಇಲ್ಲ. ಅದೇ ಮೋನೆ ಅನ್ನೋ ಫ್ರೆಂಚ್ ಕಲಾವಿದ 1883ರಲ್ಲಿ ಜಿವರ್ನಿ ಅನ್ನೋ ಹಳ್ಳಿಗೆ ಹೋಗಿ, ಹತ್ತು ವರ್ಷ ಬಿಟ್ಟು ಅಲ್ಲಿ ತಾವೇ ಒಂದು ಕೊಳ ಮಾಡಿಸಿ, ಆ ಒಂದೇ ಕೊಳದ ನೈದಿಲೆಗಳನ್ನ ಸುಮಾರು 250 ಸಲ ಬರೆದ್ರು, ಕಣ್ಣಿಗೆ ಪೊರೆ ಬಂದಮೇಲೂ ಬರೆದ್ರು. ಅವರ ತೋಟ ದೊಡ್ಡದು, ಮಾಲಿಗಳಿದ್ರು, ನಮ್ಮದು ಒಂದು ಪಾಟು. ಆದ್ರೆ ಒಂದೇ ವಸ್ತು ಬೆಳಿಗ್ಗೆ ಬೇರೆ ಸಂಜೆ ಬೇರೆ ಅಂತ ನೋಡೋ ಆ ಚಟ ಇದ್ಯಲ್ಲ, ಅದಕ್ಕೆ ಪಾಟಿನ ಅಳತೆ ಅಡ್ಡ ಬರಲ್ಲ.

ಪುದೀನದ ಬಗ್ಗೆ ಬರೀಲೇ ಇಲ್ಲ ನೋಡಿ. ಅದನ್ನ ಸ್ವಲ್ಪ ನೆರಳಲ್ಲಿಟ್ರೂ ಬದುಕುತ್ತೆ, ಮೇಲಿನ ತುದಿ ಚಿವುಟ್ತಾ ಇರಿ, ಚಿವುಟಿದಷ್ಟೂ ಕವಲೊಡೆಯುತ್ತೆ. ಚಿವುಟಿದ ಒಂದು ಕಡ್ಡಿಯ ಕೆಳಗಿನ ಎಲೆ ತೆಗೆದು ಗಾಜಿನ ಲೋಟದ ನೀರಲ್ಲಿ ಅಡುಗೆಮನೆ ಕಿಟಕಿಗಿಡಿ, ಒಂದೆರಡು ವಾರದಲ್ಲಿ ಗೆಣ್ಣಿನಿಂದ ಬಿಳೀ ದಾರದಂಥ ಬೇರು ಇಳಿಯೋದು ಕಣ್ಣಿಗೇ ಕಾಣುತ್ತೆ. ಆ ಕಡ್ಡಿನ ಖಾಲಿ ಪಾಟಿಗೆ ನೆಡಬೇಡಿ, ಪಕ್ಕದ ಮನೆಯವರಿಗೆ ಕೊಡಿ.

ಗುಲಾಬಿ ಕಡ್ಡಿನ ಈಗಲೇ ಬಿಸಾಕ್ಬೇಡಿ. ಉಗುರಿಂದ ಕಾಂಡದ ಸಿಪ್ಪೆನ ಒಂದು ಅಕ್ಕಿಕಾಳಿನಷ್ಟು ಕೆರೆದು ನೋಡಿ. ಒಳಗೆ ಕಂದು ಬಣ್ಣ, ಒಣಗಿದ್ರೆ ಇನ್ನೂ ಸ್ವಲ್ಪ ಕೆಳಗೆ ಕೆರೀರಿ, ಹಾಗೇ ಬುಡದವರೆಗೂ. ಎಲ್ಲಾದ್ರೂ ಒಂದು ಕಡೆ ತೇವವಾಗಿ ತಿಳಿಹಸಿರು ಕಾಣ್ಸಿದ್ರೆ ಅದು ಬದುಕಿದೆ, ಅದಕ್ಕಿಂತ ಮೇಲಿರೋದನ್ನೆಲ್ಲ ಹರಿತ ಕತ್ತರೀಲಿ ಓರೆಯಾಗಿ ಕತ್ತರಿಸಿ, ಗೊಬ್ಬರ ಏನೂ ಹಾಕದೆ, ಬೆರಳಿಟ್ಟು ನೋಡಿ ನೀರು ಹಾಕ್ತಾ, ಬಿಸಿಲಿಗೆ ಇಡಿ, ಒಂದು ತಿಂಗಳು ಕಾಯಿರಿ. ಬುಡದವರೆಗೂ ಕಂದೇ ಇದ್ರೆ ಬಿಸಾಕಿ, ಪಾಟ್ ತೊಳೆದಿಡಿ. ಏನಾಯ್ತು ಅಂತ ನಂಗೆ ಬರೀರಿ, ಹಸಿರಿತ್ತಾ ಇಲ್ವಾ ಅಂತ ತಿಳ್ಕೊಳ್ಳೋ ಕುತೂಹಲ ನಂಗೂ ಇದೆ.